ಜರ್ನಲಿಸಂ ಡಿಗ್ರಿಗೆ 12 ಲಕ್ಷ ಸುರಿದ್ರೆ ವಾಪಸ್ ಬರುತ್ತಾ?

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು. ಮಗಳದ್ದು ಸೆಕೆಂಡ್ ಪಿಯುಸಿ ಕಾಮರ್ಸ್ ಮುಗೀತು, 87 ಪರ್ಸೆಂಟ್ ಬಂದಿದೆ. ಬೆಂಗಳೂರಿನ ಒಂದು ಪ್ರೈವೇಟ್ ಯೂನಿವರ್ಸಿಟಿಲಿ ಬಿಎ ಮಾಸ್ ಕಮ್ಯುನಿಕೇಶನ್ ಮಾಡ್ತೀನಿ ಅಂತ ಹಠ ಹಿಡಿದಿದಾಳೆ. ವರ್ಷಕ್ಕೆ ಎರಡೂವರೆ ಲಕ್ಷ ಫೀಸು, ಹಾಸ್ಟೆಲ್ ಬೇರೆ. ನಮ್ಮ ಯಜಮಾನ್ರದ್ದು ಬಟ್ಟೆ ಅಂಗಡಿ, ಸ್ವಲ್ಪ ಹೊಲ ಇದೆ, ಎಲ್ಲಾ ಸೇರಿ ವರ್ಷಕ್ಕೆ ಆರು ಲಕ್ಷ ಆಗಬಹುದು. ಓದಿಗೆ ಅಂತ 4 ಲಕ್ಷ ಎತ್ತಿಟ್ಟಿದೀವಿ. ಮಿಕ್ಕಿದ್ದಕ್ಕೆ ಎಜುಕೇಶನ್ ಲೋನ್ ಮಾಡಿಸಿ ಅಂತಾರೆ ಕಾಲೇಜಿನೋರು. ಈ ಓದಿಗೆ ಅಷ್ಟು ದುಡ್ಡು ಹಾಕಿದ್ರೆ ವಾಪಸ್ ಬರುತ್ತಾ? ಬೇಡ ಅಂದ್ರೆ ಮಗಳು ನೊಂದ್ಕೋತಾಳೆ, ಹೂಂ ಅನ್ನೋಕೆ ಧೈರ್ಯ ಸಾಲ್ತಿಲ್ಲ.

ಉತ್ತರ: ಮೇಡಂ, ಮೊದ್ಲೇ ಹೇಳ್ಬಿಡ್ತೀನಿ, ಮಗಳ ಆಸೆಗೆ ಅಡ್ಡ ಬರಬೇಡಿ, ಆದ್ರೆ ಈ ಡಿಗ್ರಿಗೆ ಸಾಲ ಮಾಡಬೇಡಿ. ಎರಡೂ ಒಟ್ಟಿಗೆ ಆಗೋ ಮಾತೇ. ನಿಮ್ಮ ಹತ್ರ ಇರೋ 4 ಲಕ್ಷದಲ್ಲೇ ಅವಳು ಮೀಡಿಯಾಗೆ ಬರಬಹುದು, ಅದೂ ಸಾಲ ಮಾಡಿ ಬಂದೋರಿಗಿಂತ ಗಟ್ಟಿಯಾಗಿ ನಿಲ್ಲಬಹುದು. ಹೇಗೆ ಅಂತ ಲೆಕ್ಕ ಸಮೇತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಯಜಮಾನ್ರನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊಂಡೇ ಓದಿ. ನಾನು ಕನ್ನಡ ಪತ್ರಿಕೆ ಡೆಸ್ಕಲ್ಲಿ ಹಲವು ವರ್ಷ ಇದ್ದು ಆಮೇಲೆ ಪಾಠಕ್ಕೆ ಬಂದವನು, ಹೊಸಬರನ್ನ ತಗೊಳ್ಳೋ ಇಂಟರ್‌ವ್ಯೂಗಳಲ್ಲೂ ಕೂತಿದೀನಿ, ಹಾಗಾಗಿ ಎರಡೂ ಕಡೆಯಿಂದ ನೋಡಿರೋದನ್ನೇ ಹೇಳ್ತಿರೋದು.

ಮೊದ್ಲು ಖರ್ಚು. ಎರಡೂವರೆ ಲಕ್ಷದ ಹಾಗೆ ಮೂರು ವರ್ಷಕ್ಕೆ ಫೀಸೇ ಏಳೂವರೆ ಲಕ್ಷ. ಹಾಸ್ಟೆಲ್ಲು ಊಟ ವರ್ಷಕ್ಕೆ 1.3 ಲಕ್ಷ ಅಂತ ಹಿಡಿದ್ರೂ ಹತ್ರಹತ್ರ 4 ಲಕ್ಷ. ಲ್ಯಾಪ್‌ಟಾಪು, ಓಡಾಟ, ಆ ಪ್ರಾಜೆಕ್ಟು ಈ ಫೆಸ್ಟು ಅಂತ ಇನ್ನೊಂದು ಅರವತ್ತು ಸಾವಿರ. ಅಲ್ಲಿಗೆ 12 ಲಕ್ಷ. ನಿಮ್ಮ 4 ಲಕ್ಷ ಹಾಸ್ಟೆಲ್ಲಿಗೇ ಮುಗಿಯುತ್ತೆ, ಫೀಸು ಪೂರ್ತಿ ಬ್ಯಾಂಕಿಂದು. ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳಲ್ಲ, ಅದಕ್ಕೇ ಕಾಲೇಜಿನೋರು ಸಲೀಸಾಗಿ ಲೋನ್ ಮಾಡಿಸಿ ಅನ್ನೋದು.

ಆ ಏಳೂವರೆ ಲಕ್ಷ ಏನಾಗುತ್ತೆ ನೋಡಿ. ಬ್ಯಾಂಕು ವರ್ಷ ವರ್ಷ ಎರಡೂವರೆ ಲಕ್ಷ ಬಿಡುಗಡೆ ಮಾಡುತ್ತೆ, ಕೋರ್ಸು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಕೇಳೋಕೆ ಚೆನ್ನಾಗಿದೆ. ಆದ್ರೆ ಬಡ್ಡಿ ಮೊದಲ ದಿನದಿಂದಲೇ ಓಡ್ತಿರುತ್ತೆ. 10 ಪರ್ಸೆಂಟ್ ಬಡ್ಡಿ ಅಂತ ಹಿಡೀರಿ, ಮೊದಲ ವರ್ಷ ಬಂದ ಎರಡೂವರೆ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 1 ಲಕ್ಷ, ಎರಡನೇದಕ್ಕೆ ಮೂರು ವರ್ಷದ್ದು 75 ಸಾವಿರ, ಮೂರನೇದಕ್ಕೆ 50 ಸಾವಿರ. ಇಎಂಐ ಶುರುವಾಗೋ ಹೊತ್ತಿಗೆ ಸಾಲ 9.75 ಲಕ್ಷ ಆಗಿರುತ್ತೆ. ಹತ್ತು ವರ್ಷಕ್ಕೆ ತೀರಿಸ್ತೀವಿ ಅಂದ್ರೆ ತಿಂಗಳಿಗೆ ಸುಮಾರು 12,900, ಒಟ್ಟು ಕಟ್ಟೋದು ಹದಿನೈದೂವರೆ ಲಕ್ಷ. ಬೇಗ ಮುಗಿಸೋಣ, ಏಳು ವರ್ಷ ಸಾಕು ಅಂದ್ರೆ ತಿಂಗಳಿಗೆ 16 ಸಾವಿರ ದಾಟುತ್ತೆ.

ಈಗ ಆದಾಯದ ಕಡೆ ಬನ್ನಿ. ಕನ್ನಡ ನ್ಯೂಸ್ ಚಾನೆಲ್ಲು, ಪತ್ರಿಕೆ, ವೆಬ್‌ಸೈಟ್ ಡೆಸ್ಕಿಗೆ ಹೊಸದಾಗಿ ಸೇರೋರಿಗೆ ನಾನು ನೋಡಿರೋ ಹಾಗೆ ತಿಂಗಳಿಗೆ 15ರಿಂದ 20 ಸಾವಿರ. ದೊಡ್ಡ ಪತ್ರಿಕೆಯ ಟ್ರೈನಿ ಆದ್ರೆ ಸ್ವಲ್ಪ ಜಾಸ್ತಿ, ಸಣ್ಣ ಚಾನೆಲ್ ಆದ್ರೆ ಇನ್ನೂ ಕಮ್ಮಿ. ಜಿಲ್ಲೆಗಳಲ್ಲಿ ಬಿಡಿ ಸುದ್ದಿಗಾರರಾಗಿ ಇರೋರಿಗಂತೂ ತಿಂಗಳ ಸಂಬಳ ಅಂತ್ಲೇ ಇರಲ್ಲ, ಕಳಿಸಿದ ಸುದ್ದಿಗಿಷ್ಟು ಅಂತ ಬರುತ್ತೆ, ಅವರಲ್ಲಿ ಎಷ್ಟೋ ಜನ ಜೊತೆಗೆ ಅಂಗಡಿಯೋ ಹೊಲವೋ ಇಟ್ಕೊಂಡೇ ಬದುಕ್ತಿರೋದು. ಪತ್ರಕರ್ತರ ಸಂಬಳಕ್ಕೆ ಮಜೀಠಿಯಾ ವೇತನ ಮಂಡಳಿ ಅಂತ ಇತ್ತು, ಅದರ ಶಿಫಾರಸನ್ನ 2011ರಲ್ಲಿ ಕೇಂದ್ರ ಸರ್ಕಾರ ಒಪ್ಕೊಳ್ತು, 2014ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡೀತು. ಆದ್ರೆ ಅದು ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗೆ ಮಾತ್ರ, ಟಿವಿ ವೆಬ್‌ಸೈಟ್‌ನೋರಿಗೆ ಇಲ್ಲ, ಪತ್ರಿಕೆಗಳಲ್ಲೂ ಹೊಸಬರನ್ನ ಕಾಂಟ್ರ್ಯಾಕ್ಟ್ ಮೇಲೆ ತಗೊಳ್ಳೋದೇ ರೂಢಿ ಆಗಿದೆ.

ಕಾಲೇಜಿನೋರು 3 ಲಕ್ಷ ಪ್ಯಾಕೇಜ್ ಬರುತ್ತೆ ಅಂತ ಹೇಳಿರ್ತಾರೆ. ಬರಲ್ಲ ಅಂತ ನಾನು ಹೇಳಲ್ಲ, ಡಿಜಿಟಲ್ ಏಜೆನ್ಸಿಗಳಲ್ಲಿ, ಪಿಆರ್ ಅಂದ್ರೆ ಸಾರ್ವಜನಿಕ ಸಂಪರ್ಕದ ಕಂಪನಿಗಳಲ್ಲಿ ಬರುತ್ತೆ. ಆದ್ರೆ ಆ 3 ಲಕ್ಷದ ಸ್ಯಾಲರಿ ಸ್ಲಿಪ್ ಒಂದ್ಸಲ ಬಿಡಿಸಿ ನೋಡಿ. ತಿಂಗಳಿಗೆ 25,000 ಅಂತ ಕಾಣುತ್ತೆ. ಬೇಸಿಕ್ಕು ಅದರಲ್ಲಿ ಅರ್ಧ, 12,500. ಅದರ ಮೇಲೆ 12 ಪರ್ಸೆಂಟ್ ಪಿಎಫ್ ಅಂದ್ರೆ 1,500 ಕಂಪನಿ ಕಡೆಯದ್ದು, ಅದನ್ನೂ ನಿಮ್ಮ ಪ್ಯಾಕೇಜ್ ಒಳಗೇ ತೋರಿಸಿರ್ತಾರೆ. ಗ್ರ್ಯಾಚುಟಿ ಅಂತ ಇನ್ನೊಂದು 600. ಆಮೇಲೆ ಮಗಳ ಪಾಲಿನ ಪಿಎಫ್ 1,500. ಅಕೌಂಟಿಗೆ ಬೀಳೋದು 21,400. ಅದರಲ್ಲಿ ಬೆಂಗಳೂರಲ್ಲಿ ಇಬ್ಬರೋ ಮೂವರೋ ಇರೋ ಪಿಜಿ ರೂಮಿಗೆ ಊಟ ಸೇರಿ ಕಮ್ಮಿ ಅಂದ್ರೂ 9 ಸಾವಿರ ತೆಗೀರಿ, ಫೋನು, ಮಧ್ಯಾಹ್ನದ ಊಟ, ಬಟ್ಟೆಬರೆ, ಔಷಧಿ, ಊರಿಗೆ ಬಂದುಹೋಗೋದು ಎಲ್ಲಾ ಸೇರಿ 5 ಸಾವಿರ. ಬಿಎಂಟಿಸಿ ಬಸ್ಸು ಹೆಣ್ಮಕ್ಕಳಿಗೆ ಫ್ರೀ ಇರೋದ್ರಿಂದ ಅಷ್ಟು ಉಳೀತು. ಕೊನೆಗೆ ಕೈಲಿ 7 ಸಾವಿರ ಚಿಲ್ಲರೆ. ಇಎಂಐ 12,900. ಮಿಕ್ಕಿದ್ದು ಯಾರು ಕಟ್ಟೋದು? ಯಜಮಾನ್ರೇ. ಲೋನಲ್ಲಿ ಅವರು ಕೋ-ಬಾರೋವರ್, ಅಂದ್ರೆ ಜೊತೆ ಸಾಲಗಾರ ಆಗೇ ಸೈನ್ ಹಾಕಿರ್ತಾರೆ, ಒಂದೆರಡು ಕಂತು ತಪ್ಪಿದ್ರೆ ಅವರ ಸಿಬಿಲ್ ಸ್ಕೋರ್ ಬೀಳುತ್ತೆ, ನಾಳೆ ಅಂಗಡಿಗೆ ಓವರ್‌ಡ್ರಾಫ್ಟ್ ಸಾಲ ಬೇಕು ಅಂದಾಗ ಬ್ಯಾಂಕಿನೋರು ಅದನ್ನೇ ತೆಗೆದು ತೋರಿಸ್ತಾರೆ.

ಇಷ್ಟಕ್ಕೇ ಮುಗಿದಿದ್ರೆ ಪರವಾಗಿರ್ಲಿಲ್ಲ, ಹೇಗೋ ಎರಡು ವರ್ಷ ಕಷ್ಟಪಟ್ರೆ ಆಯ್ತು ಅನ್ನಬಹುದಿತ್ತು. ನನಗೆ ಸಂಕಟ ಆಗೋದು ಇನ್ನೊಂದು ಕಾರಣಕ್ಕೆ. ಈ ಲೈನಲ್ಲಿ ಮೊದಲ ಎರಡು ಮೂರು ವರ್ಷ ಸಂಬಳ ಕಮ್ಮಿ, ಕಲಿಯೋದು ಜಾಸ್ತಿ. ಡೆಸ್ಕಲ್ಲಿ ಕೂತು ಕಾಪಿ ತಿದ್ದೋದು, ಬೆಳಗಿನ ಜಾವದ ಶಿಫ್ಟು, ಕೋರ್ಟು, ಪಾಲಿಕೆ, ಆಸ್ಪತ್ರೆ ಅಂತ ಸುತ್ತೋದು, ಜನರ ಪರಿಚಯ ಆಗೋದು, ಎಲ್ಲಾ ಆ ಹೊತ್ತಲ್ಲೇ. ಅದನ್ನ ತಾಳ್ಕೊಂಡು ನಿಂತೋರಿಗೆ ಐದಾರು ವರ್ಷಕ್ಕೆ 35-45 ಸಾವಿರಕ್ಕೆ ಬರೋ ದಾರಿ ಇದೆ, ಆ ಅನುಭವ ಹಿಡ್ಕೊಂಡು ಕಾರ್ಪೊರೇಟ್ ಕಮ್ಯುನಿಕೇಶನ್ ಕಡೆ ಹೋದ್ರೆ ಇನ್ನೂ ಮೇಲೆ. ಇಎಂಐ ಶುರುವಾಗೋದು ಸರಿಯಾಗಿ ಆ ಬಡ ವರ್ಷಗಳಲ್ಲೇ. ಸಾಲ ಇರೋ ಹುಡುಗ ಹುಡುಗಿಯರು ಒಂದೂವರೆ ವರ್ಷಕ್ಕೆ ಕೈಚೆಲ್ಲಿ ಕಾಲ್ ಸೆಂಟರ್‌ಗೋ ಬ್ಯಾಂಕ್ ಸೇಲ್ಸಿಗೋ ಹೋಗ್ಬಿಡ್ತಾರೆ, 5 ಸಾವಿರ ಜಾಸ್ತಿ ಸಿಗುತ್ತೆ ಅಂತ. ನನ್ನ ಕೈಯಲ್ಲಿ ಓದಿದೋರಲ್ಲೇ ಬರವಣಿಗೆ ಚೆನ್ನಾಗಿದ್ದೋರು ಹೀಗೆ ಬಿಟ್ಟು ಹೋಗಿದ್ದನ್ನ ನೋಡಿದೀನಿ, ಅವರಿಗೆ ಶಕ್ತಿ ಇರಲಿಲ್ಲ ಅಂತಲ್ಲ, ಇಎಂಐ ಕಟ್ಟೋ ತಿಂಗಳ 5ನೇ ತಾರೀಕು ಅವರನ್ನ ನಿಲ್ಲೋಕೆ ಬಿಡಲಿಲ್ಲ. ಅಂದ್ರೆ ಮೀಡಿಯಾಗೆ ಕಳಿಸೋಕೆ ಅಂತ ಮಾಡಿದ ಸಾಲವೇ ಮೀಡಿಯಾದಿಂದ ಆಚೆ ತಳ್ಳುತ್ತೆ. ಅದಕ್ಕೇ ನಾನು ಎಲ್ಲಾ ತಂದೆತಾಯಿಗೂ ಹೇಳೋದು, ದುಡ್ಡನ್ನ ಕಾಲೇಜಿಗೆ ಸುರೀಬೇಡಿ, ಕೆಲಸ ಸೇರಿದ ಮೊದಲ ಎರಡು ವರ್ಷಕ್ಕೆ ಎತ್ತಿಡಿ, ನಿಜವಾಗ್ಲೂ ದುಡ್ಡು ಬೇಕಾಗೋದು ಆವಾಗ.

ಇನ್ನು ಡಿಗ್ರಿಗೆ ಇರೋ ಬೆಲೆ ಏನು ಅನ್ನೋದು. ಲಾಯರ್ ಆಗೋಕೆ ಎಲ್‌ಎಲ್‌ಬಿ ಬೇಕೇ ಬೇಕು, ಡಾಕ್ಟರಾಗೋಕೆ ಎಂಬಿಬಿಎಸ್ ಬೇಕು. ಪತ್ರಕರ್ತರಾಗೋಕೆ ಅಂಥ ಕಡ್ಡಾಯ ಏನೂ ಇಲ್ಲ. ಯಾವುದೋ ಒಂದು ಡಿಗ್ರಿ ಇದ್ರೆ ಸಾಕು, ಉಳಿದಿದ್ದು ಟೆಸ್ಟಲ್ಲಿ ಗೊತ್ತಾಗುತ್ತೆ. ಕನ್ನಡ ಪತ್ರಿಕೆಗಳು ಟ್ರೈನಿಗಳನ್ನ ತಗೊಳ್ಳೋವಾಗ ಏನು ಕೊಡ್ತಾರೆ ಗೊತ್ತಾ, ಏಜೆನ್ಸಿಯಿಂದ ಬಂದ ಒಂದು ಇಂಗ್ಲಿಷ್ ಸುದ್ದಿ ಕೊಟ್ಟು ಅರ್ಧ ಗಂಟೆಲಿ ಕನ್ನಡಕ್ಕೆ ತನ್ನಿ ಅಂತಾರೆ, ಜೊತೆಗೆ ಸ್ವಲ್ಪ ಸಾಮಾನ್ಯ ಜ್ಞಾನ, ಗೊಂದಲದ ಒಂದು ವರದಿ ಕೊಟ್ಟು ತಿದ್ದಿ ಬರೀರಿ ಅಂತ. ನಾನು ಕೂತಿದ್ದ ಒಂದು ಟೆಸ್ಟಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದ್ರೆ ಬ್ಯಾಂಕುಗಳಿಗೆ ಅದು ಕೊಡೋ ಸಾಲದ ಬಡ್ಡಿ ದರ, 25 ಬೇಸಿಸ್ ಪಾಯಿಂಟ್ ಇಳಿಸಿದ ಸುದ್ದಿ ಕೊಟ್ಟಿದ್ವಿ. ಬಹಳಷ್ಟು ಜನ ಶೇ 25ರಷ್ಟು ಇಳಿಕೆ ಅಂತ ಬರೆದ್ರು, ಕೆಲವರು ಬೇಸಿಸ್ ಪಾಯಿಂಟ್ ಅನ್ನೋದನ್ನೇ ಹಾರಿಸಿಬಿಟ್ರು. ಅದು ಶೇ 0.25, ಅಂದ್ರೆ ಕಾಲು ಪರ್ಸೆಂಟ್, ಮನೆ ಸಾಲ ಇರೋನಿಗೆ ಇದರಿಂದ ಏನು ಲಾಭ ಅಂತ ಎರಡು ಸಾಲು ಬರೆದಿದ್ದು ಒಬ್ಬಳೇ ಹುಡುಗಿ, ಅವಳು ಜರ್ನಲಿಸಂ ಓದಿರ್ಲಿಲ್ಲ, ಜಿಲ್ಲಾ ಕೇಂದ್ರದ ಒಂದು ಸರ್ಕಾರಿ ಕಾಲೇಜಲ್ಲಿ ಬಿಕಾಂ ಮಾಡಿದ್ಲು. ಅವಳನ್ನ ತಗೊಂಡ್ವಿ. ದುಬಾರಿ ಕಾಲೇಜಿಂದ ಬಂದೋರು, ಸರ್ಕಾರಿ ಕಾಲೇಜಿಂದ ಬಂದೋರು ಒಂದೇ ಡೆಸ್ಕಲ್ಲಿ ಪಕ್ಕಪಕ್ಕ ಕೂತಿರ್ತಾರೆ, ಇಬ್ಬರಿಗೂ ಸಂಬಳ ಒಂದೇ. ಯಾರ ಮನೆಯಲ್ಲಿ ಎಷ್ಟು ಖರ್ಚು ಮಾಡಿದ್ರು ಅಂತ ಎಚ್‌ಆರ್ ಕೇಳಲ್ಲ.

ನೀವೇ ಲೆಕ್ಕ ಹಾಕಿ. ದುಬಾರಿ ಡಿಗ್ರಿಗೆ 12 ಲಕ್ಷ, ಊರ ಹತ್ರದ ಡಿಗ್ರಿಗೆ 1 ಲಕ್ಷ ಅಂದ್ರೆ ವ್ಯತ್ಯಾಸ 11 ಲಕ್ಷ, ಬಡ್ಡಿ ಬಿಟ್ಟು. ಅದು ಹತ್ತು ವರ್ಷಕ್ಕೆ ವಾಪಸ್ ಬರಬೇಕು ಅಂದ್ರೆ ಆ ಕಾಲೇಜಿಂದ ಬಂದ ಮಗಳಿಗೆ ಪಕ್ಕದ ಸೀಟಿನೋಳಿಗಿಂತ ಪ್ರತಿ ತಿಂಗಳು 9 ಸಾವಿರ ಜಾಸ್ತಿ ಬರಬೇಕು, ಮೊದಲ ತಿಂಗಳಿಂದ ಹತ್ತನೇ ವರ್ಷದವರೆಗೆ. ಕನ್ನಡ ಮೀಡಿಯಾದಲ್ಲಿ ಆ ವ್ಯತ್ಯಾಸ ನಾನು ಕಂಡಿಲ್ಲ.

ದುಬಾರಿ ಕಾಲೇಜೆಲ್ಲಾ ದಂಡ ಅಂತ ಖಂಡಿತ ಹೇಳ್ತಿಲ್ಲ. ಇಂಗ್ಲಿಷ್ ಮೀಡಿಯಾ, ಜಾಹೀರಾತು ಏಜೆನ್ಸಿ, ದೊಡ್ಡ ಪಿಆರ್ ಕಂಪನಿಗಳಿಗೆ ಹೋಗೋರಿಗೆ ಬೆಂಗಳೂರಿನ ಒಳ್ಳೆ ಕಾಲೇಜಿನ ಇಂಗ್ಲಿಷ್ ವಾತಾವರಣ, ಸೀನಿಯರ್‌ಗಳ ಪರಿಚಯ, ಇಂಟರ್ನ್‌ಶಿಪ್ ಸಲೀಸಾಗಿ ಸಿಗೋದು, ಇದೆಲ್ಲಾ ಉಪಯೋಗಕ್ಕೆ ಬರುತ್ತೆ, ಅಲ್ಲಿ ಶುರುವಿನ ಸಂಬಳವೂ 25-35 ಸಾವಿರ ಇರುತ್ತೆ. ಮನೆಯಲ್ಲಿ ದುಡ್ಡಿದ್ದು ಸಾಲ ಇಲ್ಲದೆ ಕಟ್ಟೋ ಹಾಗಿದ್ರೆ, ಇಲ್ಲಾ ಅರ್ಧ ಫೀಸು ಸ್ಕಾಲರ್‌ಶಿಪ್ ಸಿಕ್ಕಿದ್ರೆ ನಾನೇ ಕಳಿಸಿ ಅಂತಿದ್ದೆ. ಕ್ಯಾಮೆರಾ, ಎಡಿಟಿಂಗ್, ಅನಿಮೇಶನ್ ಕಡೆ ಹೋಗೋ ಮಕ್ಕಳ ಲೆಕ್ಕವೂ ಸ್ವಲ್ಪ ಬೇರೆ, ಅಲ್ಲಿ ಒಳ್ಳೆ ಲ್ಯಾಬು, ಮೆಷಿನ್ನು ಬೇಕಾಗುತ್ತೆ. ನಿಮ್ಮ ಮಗಳು ಯಾವ ಕಡೆ ಅಂತ ನೀವು ಬರೆದಿಲ್ಲ, ಅವಳಿಗೇ ಅದು ಸ್ಪಷ್ಟ ಇದೆಯಾ ಅಂತ ಕೇಳಿ. ಮಾಸ್ ಕಮ್ಯುನಿಕೇಶನ್ ಅಂದ್ರೆ ಹದಿನೇಳು ಹದಿನೆಂಟರ ಮಕ್ಕಳಿಗೆ ಆಂಕರ್ ಕಣ್ಮುಂದೆ ಬರ್ತಾರೆ, ಸಹಜ. ಆದ್ರೆ ಒಂದು ಚಾನೆಲ್ಲಲ್ಲಿ ಸ್ಕ್ರೀನ್ ಮೇಲೆ ಕಾಣೋರು ಬೆರಳೆಣಿಕೆಯಷ್ಟು, ಹಿಂದೆ ಡೆಸ್ಕು, ಬುಲೆಟಿನ್ ಪ್ರೊಡ್ಯೂಸರ್, ಇನ್‌ಪುಟ್ಟು, ವಿಡಿಯೋ ಎಡಿಟರ್, ಗ್ರಾಫಿಕ್ಸು, ಪಿಸಿಆರ್ (ಪ್ರಸಾರ ನಿಯಂತ್ರಿಸೋ ಕಂಟ್ರೋಲ್ ರೂಮು) ಅಂತ ಅದರ ಹತ್ತಾರು ಪಟ್ಟು ಜನ ಇರ್ತಾರೆ, ಕೆಲಸ ಸಿಗೋದು ಅಲ್ಲಿ.

ಸರಿ, ಹಾಗಾದ್ರೆ ಏನು ಮಾಡಬೇಕು. ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಮಾತು ಕಾಮರ್ಸ್ ಅನ್ನೋದು. ಕನ್ನಡ ಮೀಡಿಯಾದಲ್ಲಿ ರಾಜಕೀಯ ಬರೆಯೋರು, ಸಿನಿಮಾ ಬರೆಯೋರು, ಕ್ರೈಂ ಬರೆಯೋರು ಬೇಕಾದಷ್ಟು ಜನ ಇದಾರೆ. ಬ್ಯಾಲೆನ್ಸ್ ಶೀಟ್ ಓದಿ ಅರ್ಥ ಮಾಡ್ಕೊಂಡು ಒಂದು ಸಹಕಾರಿ ಬ್ಯಾಂಕು ಯಾಕೆ ಮುಳುಗ್ತು ಅಂತ ಠೇವಣಿ ಇಟ್ಟ ಜನಕ್ಕೆ ತಿಳಿಯೋ ಕನ್ನಡದಲ್ಲಿ ಬರೆಯೋರು ತೀರಾ ಕಮ್ಮಿ. ಬಜೆಟ್ ದಿನ ಬಂದ್ರೆ ಪ್ರತಿ ಡೆಸ್ಕಲ್ಲೂ ಇದೇ ಒದ್ದಾಟ, ವಿತ್ತೀಯ ಕೊರತೆ ಯಾವುದು ರಾಜಸ್ವ ಕೊರತೆ ಯಾವುದು ಅಂತ ಗೊತ್ತಿರೋ ಒಬ್ಬರನ್ನೋ ಇಬ್ಬರನ್ನೋ ಹಿಡ್ಕೊಂಡು ಇಡೀ ಪುಟ ನಡೀಬೇಕು. ಪತ್ರಿಕೆ ಬಿಟ್ಟು ಹೊರಗೂ ನೋಡಿ, ಮ್ಯೂಚುವಲ್ ಫಂಡ್ ಕಂಪನಿಗಳು, ಇನ್ಶೂರೆನ್ಸು, ಬ್ಯಾಂಕಿನ ಆ್ಯಪ್‌ಗಳು ಎಲ್ಲಾ ಕನ್ನಡಕ್ಕೆ ಬರ್ತಿವೆ, ಅವುಗಳ ವಿಡಿಯೋ ಸ್ಕ್ರಿಪ್ಟು, ಆ್ಯಪಲ್ಲಿ ಬರೋ ಸಾಲುಗಳು, ಗ್ರಾಹಕರಿಗೆ ಕಳಿಸೋ ಮೆಸೇಜು ಇದನ್ನೆಲ್ಲಾ ತಪ್ಪಿಲ್ಲದೆ ಬರೆಯೋರು ಬೇಕು. ಡೈಲಿಹಂಟ್, ಶೇರ್‌ಚಾಟ್, ಪ್ರತಿಲಿಪಿ ಥರದ ಭಾರತೀಯ ಭಾಷೆ ಕಂಪನಿಗಳು ಇರೋದೂ ಬೆಂಗಳೂರಲ್ಲೇ. ಬರೀ ಅನುವಾದದ ಕೆಲಸ ಈಗ ಎಐ ಬಂದ್ಮೇಲೆ ಕಮ್ಮಿ ಆಗ್ತಿದೆ, ಇದನ್ನ ಮುಚ್ಚಿಡಲ್ಲ, ಪದ ಬದಲಾಯಿಸೋದಷ್ಟೇ ಗೊತ್ತಿರೋರಿಗೆ ಮುಂದೆ ಕಷ್ಟ ಇದೆ. ಮೆಷಿನ್ನು ಕೊಟ್ಟ ಕನ್ನಡದಲ್ಲಿ 25 ಬೇಸಿಸ್ ಪಾಯಿಂಟ್ ತಪ್ಪಾಗಿದೆ ಅಂತ ಕಂಡುಹಿಡಿಯೋರಿಗೆ ಕೆಲಸ ಇದ್ದೇ ಇರುತ್ತೆ, ಅದಕ್ಕೆ ಬೇಕಾಗೋದು ವಿಷಯ ಜ್ಞಾನ.

ಹಾಗಾಗಿ ನನ್ನ ಮೊದಲ ಸಲಹೆ, ಮಗಳು ರಾಣೆಬೆನ್ನೂರಲ್ಲೋ ದಾವಣಗೆರೆಲೋ ಬಿಕಾಂ ಮಾಡ್ಲಿ. ಅವಳಿಗೆ ಕಾಮರ್ಸ್ ಸಾಕಾಗಿದೆ ಅಂದ್ರೆ ಬಲವಂತ ಬೇಡ, ಎಕನಾಮಿಕ್ಸು, ಪೊಲಿಟಿಕಲ್ ಸೈನ್ಸ್ ಜೊತೆ ಜರ್ನಲಿಸಂ ಆಪ್ಷನಲ್ ಇರೋ ಬಿಎ ಎಲ್ಲಿದೆ ವಿಚಾರಿಸಿ. 2024ರಿಂದ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರೇ ವರ್ಷ ಆಗಿದೆ, ನಾಲ್ಕನೇ ವರ್ಷದ ಗೊಂದಲ ಇಲ್ಲ. ಸರ್ಕಾರಿ ಕಾಲೇಜಾದ್ರೆ ಫೀಸು ಕೆಲವೇ ಸಾವಿರ, ಓಡಾಟಕ್ಕೆ ಶಕ್ತಿ ಯೋಜನೆ ಬಸ್ಸು, ಪುಸ್ತಕ ಅದು ಇದು ಸೇರಿ ಮೂರು ವರ್ಷಕ್ಕೆ 1 ಲಕ್ಷ ದಾಟಲ್ಲ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋದು ಮರೀಬೇಡಿ, ದಾವಣಗೆರೆಲಿ ಇರಬೇಕಾದ್ರೆ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ಲಿಗೂ ಅರ್ಹತೆ ಇದೆಯಾ ನೋಡಿ. ಊರ ಹತ್ರ ಬೇಡ, ಹೊರಗೇ ಓದಬೇಕು ಅಂತ ಅವಳದ್ದು ಗಟ್ಟಿ ಮನಸ್ಸಿದ್ರೆ ಉಜಿರೆ, ಮೂಡುಬಿದಿರೆ ಕಡೆ ಜರ್ನಲಿಸಂ ಒಳ್ಳೆ ರೀತಿ ಕಲಿಸೋ ಕಾಲೇಜುಗಳಿವೆ, ಕನ್ನಡ ಮೀಡಿಯಾದಲ್ಲಿ ಆ ಕಡೆಯಿಂದ ಬಂದೋರು ತುಂಬಾ ಜನ ಇದಾರೆ, ಬೆಂಗಳೂರಿನ ಖರ್ಚಿಗಿಂತ ಎಷ್ಟೋ ಕಮ್ಮಿ. ಫೀಸು ಎಷ್ಟಿದೆ ಅಂತ ನೇರ ಕಾಲೇಜಿಗೇ ಹೋಗಿ ಕೇಳಿ, ಮಧ್ಯದಲ್ಲಿ ಏಜೆಂಟ್ ಬೇಡ.

ಡಿಗ್ರಿ ಮೂರು ವರ್ಷ ಸುಮ್ನೆ ಕೂರೋ ಹಾಗಿಲ್ಲ, ಈ ದಾರಿ ಕೆಲಸ ಮಾಡೋದೇ ಆ ಮೂರು ವರ್ಷದಲ್ಲಿ. ಮಗಳಿಗೆ ಹೇಳಿ, ದಿನಾ ಒಂದು ಕನ್ನಡ ಪೇಪರ್ರು ಒಂದು ಇಂಗ್ಲಿಷ್ ಪೇಪರ್ರು ಪಕ್ಕಪಕ್ಕ ಇಟ್ಕೊಂಡು ಒಂದೇ ಸುದ್ದಿನ ಎರಡರಲ್ಲೂ ಹೇಗೆ ಬರೆದಿದಾರೆ ಅಂತ ನೋಡಬೇಕು, ದಿನಕ್ಕೊಂದು ಸಣ್ಣ ಸುದ್ದಿ ಇಂಗ್ಲಿಷಿಂದ ಕನ್ನಡಕ್ಕೆ ಬರೀಬೇಕು, ಕೈಯಲ್ಲಿ ಬೇಡ, ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡೇ ಬರೀಬೇಕು, ಯೂನಿಕೋಡೂ ಗೊತ್ತಿರಬೇಕು. ಟೈಪಿಂಗ್ ಬರ್ದೆ ಟೆಸ್ಟಿಗೆ ಬಂದು ಒದ್ದಾಡೋ ಮಕ್ಕಳನ್ನ ನೋಡಿದ್ರೆ ಬೇಜಾರಾಗುತ್ತೆ, ಬರವಣಿಗೆ ಚೆನ್ನಾಗಿರುತ್ತೆ, ಅರ್ಧ ಗಂಟೆಲಿ ಎಂಟು ಸಾಲು ಮುಗಿಸಿರ್ತಾರೆ. ಆಮೇಲೆ ನಿಮ್ಮ ಊರಲ್ಲೇ ಎಷ್ಟು ಸುದ್ದಿ ಇದೆ ನೋಡಿ. ರಾಣೆಬೆನ್ನೂರು ಅಂದ್ರೆ ಬಿತ್ತನೆ ಬೀಜದ ಊರು, ಸುತ್ತಮುತ್ತ ಬೀಜೋತ್ಪಾದನೆ ಮಾಡೋ ರೈತರಿದಾರೆ, ಕಂಪನಿ ಜೊತೆ ಒಪ್ಪಂದ ಹೇಗಿರುತ್ತೆ, ದರ ಯಾರು ಕಟ್ತಾರೆ, ಬೀಜ ಫೇಲಾದ್ರೆ ನಷ್ಟ ಯಾರದ್ದು, ಇದನ್ನ ನಾಲ್ಕು ರೈತರ ಹತ್ರ, ಒಬ್ಬ ಡೀಲರ್ ಹತ್ರ, ಕೃಷಿ ಇಲಾಖೆ ಅಧಿಕಾರಿ ಹತ್ರ ಮಾತಾಡಿ ಬರೆದ್ರೆ ಅದು ಬೆಂಗಳೂರಿನ ಯಾವ ಕಾಲೇಜಿನ ಲ್ಯಾಬ್ ಜರ್ನಲ್ಲಿಗೂ (ಮಕ್ಕಳು ಅಭ್ಯಾಸಕ್ಕೆ ತರೋ ಪತ್ರಿಕೆ) ಕಮ್ಮಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟು ಅಲ್ಲೇ ಪಕ್ಕದಲ್ಲಿದೆ, ಎಷ್ಟು ಚೀಲ ಆವಕ ಆಯ್ತು, ದರ ಯಾಕೆ ಇಳೀತು ಅನ್ನೋದು ಕಾಮರ್ಸ್ ಓದಿರೋ ಹುಡುಗಿಗೆ ಹೇಳಿ ಮಾಡಿಸಿದ ವಿಷಯ. ಇಂಥವು ಹತ್ತು ಬರಹ ಕೈಯಲ್ಲಿದ್ರೆ, ಅದರಲ್ಲಿ ಮೂರ್ನಾಲ್ಕು ಪತ್ರಿಕೆಲಿ ಅಚ್ಚಾಗಿದ್ರೆ, ಇಂಟರ್‌ವ್ಯೂಲಿ ಕೂತೋರು ಮಾರ್ಕ್ಸ್ ಕಾರ್ಡ್ ಕೊನೆಗೆ ನೋಡ್ತಾರೆ. ರಜೆಲಿ ಹುಬ್ಬಳ್ಳಿಲೋ ದಾವಣಗೆರೆಲೋ ಇರೋ ಪತ್ರಿಕೆ ಆಫೀಸಲ್ಲಿ ಇಂಟರ್ನ್‌ಶಿಪ್ ಕೇಳಲಿ, ದುಡ್ಡು ಕೊಡಲ್ಲ, ಕೆಲಸ ಕಲಿಸ್ತಾರೆ.

ಡಿಗ್ರಿ ಆದ್ಮೇಲೆ ಎರಡು ದಾರಿ. ನೇರ ಕೆಲಸಕ್ಕೆ ಸೇರೋದು ಒಂದು, ನನ್ನ ಒಲವು ಅದಕ್ಕೇ, ಕನಿಷ್ಠ ಒಂದು ವರ್ಷ ಕೆಲಸ ಮಾಡಿ ನೋಡ್ಲಿ. ಇನ್ನೊಂದು, ಎಂಎ ಜರ್ನಲಿಸಂ. ದಾವಣಗೆರೆ ವಿವಿಯ ಶಿವಗಂಗೋತ್ರಿ, ಧಾರವಾಡದ ಕರ್ನಾಟಕ ವಿವಿ, ಶಂಕರಘಟ್ಟದ ಕುವೆಂಪು ವಿವಿ, ಮೂರೂ ನಿಮಗೆ ದೂರ ಇಲ್ಲ, ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ ಮುಗಿಯುತ್ತೆ. ಆದ್ರೆ ಎಂಎ ಫೀಸು ಕಮ್ಮಿ ಅಂತ ಸುಮ್ನೆ ಸೇರೋದಲ್ಲ, ಆ ಎರಡು ವರ್ಷ ದುಡಿದಿದ್ರೆ 4 ಲಕ್ಷ ಬರ್ತಿತ್ತು ಅನ್ನೋದನ್ನೂ ಖರ್ಚಿನ ಕಡೆ ಬರ್ಕೋಬೇಕು. ಪಾಠ ಮಾಡೋ ಆಸೆ ಇದ್ರೆ ಎಂಎ ಬೇಕೇ ಬೇಕು, ಆಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆಸೆಟ್ ಪಾಸಾಗ್ಬೇಕು, ನೆಟ್‌ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದ್ರೆ ಪಿಎಚ್‌ಡಿ ಮಾಡೋವಾಗ ತಿಂಗಳಿಗೆ 37 ಸಾವಿರ ಫೆಲೋಶಿಪ್ ಸಿಗುತ್ತೆ, ಡೆಸ್ಕ್ ಸಂಬಳಕ್ಕಿಂತ ಎಷ್ಟೋ ವಾಸಿ. ಸರ್ಕಾರಿ ಕೆಲಸ ಅಂದ್ರೆ ನಮ್ಮಲ್ಲಿ ವಾರ್ತಾ ಇಲಾಖೆ ಇದೆ, ಒಳ್ಳೆ ಹುದ್ದೆಗಳೇ, ಆದ್ರೆ ಹುದ್ದೆ ಕಮ್ಮಿ, ಕರೆಯೋದೂ ಅಪರೂಪ, ಅದನ್ನೇ ನಂಬ್ಕೊಂಡು ಲೆಕ್ಕ ಹಾಕೋಕಾಗಲ್ಲ. ಇಂಗ್ಲಿಷ್ ಗಟ್ಟಿ ಆದ್ರೆ ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಶನ್) ಪ್ರಯತ್ನ ಮಾಡ್ಲಿ, 1965ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ, 2024ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆಯ್ತು, ಕೇರಳದ ಕೊಟ್ಟಾಯಂನಲ್ಲೂ ಅದರ ಸೆಂಟರ್ ಇದೆ. ದುಡ್ಡು ಖರ್ಚು ಮಾಡೋದೇ ಆದ್ರೆ ಇಪ್ಪತ್ತೊಂದನೇ ವಯಸ್ಸಲ್ಲಿ ತನಗೇನು ಬೇಕು ಅಂತ ಗೊತ್ತಾದ್ಮೇಲೆ ಇಂಥ ಒಂದು ವರ್ಷದ ಕೋರ್ಸಿಗೆ ಮಾಡಬಹುದು.

ನಿಮ್ಮ 4 ಲಕ್ಷ ಹಂಚೋದು ಹೀಗೆ. ಡಿಗ್ರಿಗೆ 1 ಲಕ್ಷ. ಒಳ್ಳೆ ಲ್ಯಾಪ್‌ಟಾಪಿಗೆ 50 ಸಾವಿರ, ಎರಡನೇ ವರ್ಷದಲ್ಲಿ ತಗೊಳ್ಳಿ. ಇನ್ನೊಂದು ಲಕ್ಷ ಎಂಎಗೋ ಇಂಗ್ಲಿಷ್ ಕೋಚಿಂಗಿಗೋ ಇರ್ಲಿ. ಉಳಿದ ಒಂದೂವರೆ ಲಕ್ಷನ ಎಫ್‌ಡಿ ಮಾಡಿ ಮುಟ್ಟಬೇಡಿ, ಅದು ಬೆಂಗಳೂರಲ್ಲಿ ಕೆಲಸ ಸೇರಿದ ಮೇಲೆ ಎರಡು ವರ್ಷ ತಿಂಗಳಿಗೆ 6 ಸಾವಿರದ ಹಾಗೆ ಅವಳ ಕೈಗೆ. 17 ಸಾವಿರ ಸಂಬಳ ಬಂದ್ರೂ ಅವಳ ಪಾಲಿಗೆ 23 ಸಾವಿರ ಆಗುತ್ತೆ, ಇಎಂಐ ಇಲ್ಲ. ಅಂಥ ಹುಡುಗಿ ರಾತ್ರಿ ಪಾಳಿ ಮುಗಿದ ಮೇಲೆ ಕ್ಯಾಬ್ ಕೊಡದ ಕಂಪನಿಗೆ ಬೇಡ ಅನ್ನಬಹುದು, ಸಂಬಳ ತಡ ಮಾಡೋ ಚಾನೆಲ್ ಬಿಟ್ಟು ಇನ್ನೊಂದು ಹುಡುಕೋಕೆ ಎರಡು ತಿಂಗಳು ಕಾಯಬಹುದು. ಹೆಣ್ಮಕ್ಕಳ ತಂದೆತಾಯಿಗೆ ಇದು ಸಣ್ಣ ವಿಷಯ ಅಲ್ಲ.

ಇಷ್ಟೆಲ್ಲಾ ಹೇಳಿದ್ಮೇಲೂ ಮಗಳು ಅದೇ ಯೂನಿವರ್ಸಿಟಿ ಬೇಕು ಅಂದ್ರೆ ದುಡ್ಡು ಕಟ್ಟೋಕೆ ಮುಂಚೆ ಕ್ಯಾಂಪಸ್ಸಿಗೆ ಹೋಗಿ ಕೆಲವು ಕೇಳಿ. ಬ್ರೋಷರಲ್ಲಿ ಹೈಯೆಸ್ಟ್ ಪ್ಯಾಕೇಜ್ ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ, ಅದು ಒಬ್ಬರದ್ದು, ಎಷ್ಟೋ ಸಲ ಎಂಬಿಎ ಇಂಜಿನಿಯರಿಂಗ್ ಎಲ್ಲಾ ಸೇರಿಸಿ ಹಾಕಿರ್ತಾರೆ. ಬಿಎ ಮಾಸ್ ಕಮ್ಯುನಿಕೇಶನ್ ಒಂದರಲ್ಲೇ ಕಳೆದ ಮೂರು ಬ್ಯಾಚಲ್ಲಿ ಎಷ್ಟು ಮಕ್ಕಳು ಸೇರಿದ್ರು, ಎಷ್ಟು ಜನ ಕೆಲಸಕ್ಕೆ ಹೋದ್ರು, ಯಾವ ಹುದ್ದೆಗೆ, ಸಾಲಾಗಿ ನಿಲ್ಲಿಸಿದ್ರೆ ಮಧ್ಯದಲ್ಲಿ ಬರೋ ಹುಡುಗನ ಸಂಬಳ ಎಷ್ಟು, ಇಷ್ಟನ್ನ ಬರವಣಿಗೆಲಿ ಕೇಳಿ. ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂದ್ರೆ ಕೆಲಸ ಕೊಡಿಸ್ತೀವಿ ಅಂತಲ್ಲ, ಇಂಟರ್‌ವ್ಯೂಗೆ ಕರೆಸ್ತೀವಿ ಅಂತ ಅಷ್ಟೇ. ಸ್ಟುಡಿಯೋ ತೋರಿಸ್ತಾರೆ, ಚೆನ್ನಾಗೂ ಇರುತ್ತೆ, ವಾರಕ್ಕೆ ಎಷ್ಟು ಗಂಟೆ ಮಕ್ಕಳ ಕೈಗೆ ಕ್ಯಾಮೆರಾ ಕೊಡ್ತೀರಿ ಅಂತ ಅಲ್ಲಿ ಓದ್ತಿರೋ ಮಕ್ಕಳನ್ನೇ ಕೇಳಿ, ಮಕ್ಕಳು ಸುಳ್ಳು ಹೇಳಲ್ಲ.

ಲೋನ್ ಬಗ್ಗೆ ಎರಡು ಮಾತು. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರ ನವೆಂಬರಲ್ಲಿ ಬಂದ ಯೋಜನೆ ಇದೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ರೆ 10 ಲಕ್ಷದವರೆಗಿನ ಸಾಲಕ್ಕೆ ಓದೋ ಅವಧಿ ಮತ್ತು ಅದರ ನಂತರದ ಒಂದು ವರ್ಷಕ್ಕೆ ಬಡ್ಡಿಲಿ 3 ಪರ್ಸೆಂಟ್ ರಿಯಾಯಿತಿ ಸಿಗುತ್ತೆ, ನಿಮ್ಮದು 6 ಲಕ್ಷ ಅಂದ್ರೆ ಒಳಗೇ ಬರ್ತೀರಿ. ಆದ್ರೆ ಅದು ಕೇಂದ್ರ ಪಟ್ಟಿ ಮಾಡಿರೋ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ, ಶುರುವಲ್ಲಿ 860 ಇದ್ವು, ನೀವು ಹೇಳೋ ಯೂನಿವರ್ಸಿಟಿ ಆ ಪಟ್ಟಿಲಿ ಇದೆಯಾ ಅಂತ ಮೊದ್ಲು ನೋಡಿ. ಎಜುಕೇಶನ್ ಲೋನಿಗೆ ಟ್ಯಾಕ್ಸ್ ಬೆನಿಫಿಟ್ ಇದೆ ಅಂತ ಹೇಳೋರು ಸಿಗ್ತಾರೆ, 80ಇ ಅಂತ, ಅದು ಹಳೆ ಟ್ಯಾಕ್ಸ್ ಪದ್ಧತಿಲಿ ಮಾತ್ರ, 3 ಲಕ್ಷ ಸಂಬಳದ ಹುಡುಗಿಗೆ ಟ್ಯಾಕ್ಸೇ ಬರಲ್ಲ, ಉಳಿಯೋದಾದ್ರೂ ಏನು. ಸಾಲ ಮಾಡೋದೇ ಆಯ್ತು ಅಂದ್ರೆ ಓದೋವಾಗ್ಲೇ ಬಡ್ಡಿ ಕಟ್ಕೊಂಡು ಹೋಗಿ, ಮೊದಲ ವರ್ಷ ತಿಂಗಳಿಗೆ 2,100, ಎರಡನೇ ವರ್ಷ 4,200, ಮೂರನೇ ವರ್ಷದಿಂದ 6,250, ಆಗ ಅಸಲು ಏಳೂವರೆಲೇ ನಿಲ್ಲುತ್ತೆ, ಇಎಂಐ 12,900 ಬದಲು 9,900 ಆಗುತ್ತೆ. ಅಂಗಡಿ ವ್ಯಾಪಾರದಲ್ಲಿ ತಿಂಗಳಿಗೆ 6 ಸಾವಿರ ಮಿಗಲ್ಲ ಅಂತ ಯಜಮಾನ್ರು ಹೇಳಿದ್ರೆ ಸಾಲದ ಮಾತು ಅಲ್ಲಿಗೇ ಬಿಡಿ.

ಮಗಳಿಗೆ ಬೇಡ ಅಂತ ಹೇಳೋ ಅಗತ್ಯ ನನಗೆ ಕಾಣಲ್ಲ. ಈ ಶನಿವಾರ ಬ್ಯಾಡಗಿ ಮಾರ್ಕೆಟ್ಟಿಗೋ ನಿಮ್ಮೂರಿನ ಎಪಿಎಂಸಿಗೋ ಹೋಗಿ ನಾಲ್ಕು ಜನರ ಹತ್ರ ಮಾತಾಡಿ 400 ಪದ ಬರೆದು ನನಗೆ ಕಳಿಸೋಕೆ ಹೇಳಿ, ನಾನು ಕೂತು ಸಾಲು ಸಾಲು ತಿದ್ದಿ ವಾಪಸ್ ಕಳಿಸ್ತೀನಿ. ಅಪರಿಚಿತರ ಹತ್ರ ಹೋಗಿ ಪ್ರಶ್ನೆ ಕೇಳೋದು, ಬರೆದಿದ್ದನ್ನ ಇನ್ನೊಬ್ಬರು ಕೆಂಪು ಮಾಡಿದ್ಮೇಲೆ ಮತ್ತೆ ಬರೆಯೋದು ಅವಳಿಗೆ ಇಷ್ಟ ಆಯ್ತಾ ಅಂತ ಅಡ್ಮಿಶನ್ ಲಾಸ್ಟ್ ಡೇಟ್ ಒಳಗೇ ಗೊತ್ತಾಗುತ್ತೆ.